ತೆರೆಯುವ ಮುನ್ನ ಬೇಸಗೆಯ ಲೆಕ್ಕ ನೋಡಿ

2016ರ ಆಗಸ್ಟ್‌ನಲ್ಲಿ ಚಂಡೀಗಢದ ವಿಕಿ ಸಮ್ಮೇಳನದ ವೇದಿಕೆಯಿಂದ ತುಳು ವಿಕಿಪೀಡಿಯದ ಆರಂಭ ಘೋಷಣೆಯಾಯಿತು. ಘೋಷಿಸಿದವರು ವಿಕಿಮೀಡಿಯ ಪ್ರತಿಷ್ಠಾನದ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹೆರ್. ಭಾರತದ ಭಾಷೆಗಳ ಸಾಲಿನಲ್ಲಿ ಅದು 23ನೆಯ ವಿಕಿಪೀಡಿಯ. ಸಂವಿಧಾನದ ಎಂಟನೇ ಪರಿಚ್ಛೇದದ ಹೊಸ್ತಿಲಲ್ಲಿ ವರ್ಷಗಟ್ಟಲೆ ನಿಂತೇ ಇರುವ ಭಾಷೆಗೆ ಅಂತರಜಾಲದಲ್ಲಿ ಸ್ವಂತ ವಿಶ್ವಕೋಶ ದಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಘೋಷಣೆಗೆ ಮೊದಲು ತುಳು ಸುಮಾರು ಎಂಟು ವರ್ಷ ಇನ್‌ಕ್ಯುಬೇಟರ್ ಎಂಬ ಪರೀಕ್ಷಾ ತಾಣದಲ್ಲಿ ಕಾದಿತ್ತು. ಮೊದಲ ವರ್ಷಗಳು ಬಹುಪಾಲು ನಿದ್ದೆಯಲ್ಲೇ ಕಳೆದವು. ಮಂಗಳೂರು, ಉಡುಪಿ ಕಡೆ ತರಬೇತಿ, ಸಂಪಾದನೋತ್ಸವಗಳು ನಡೆಯತೊಡಗಿದ ಮೇಲೆ ಚುರುಕು ಬಂತು. ಲೇಖನಗಳು ಸಾವಿರ ದಾಟಿದ ಮೇಲೆ ಬಾಗಿಲು ತೆರೆಯಿತು. ಆ ಎಂಟು ವರ್ಷವನ್ನು ಅನ್ಯಾಯವೆಂದು ಹೇಳುವವರಿದ್ದಾರೆ. ಅದರಿಂದ ತುಳುವಿಗೆ ಒಳ್ಳೆಯದೇ ಆಯಿತೆಂಬುದು ನನ್ನ ಎಣಿಕೆ. ವಿಶ್ವಕೋಶದ ಬೆನ್ನಿಗೆ ವಿಕಿಸೋರ್ಸ್ ಎಂಬ ಪಠ್ಯಭಂಡಾರ, ವಿಕ್ಷನರಿ ಎಂಬ ನಿಘಂಟು, ತುಳು ಲಿಪಿಯದೇ ತಾಣ ಹೀಗೆ ಒಂದರ ಮೇಲೊಂದು ಮಾತು ಬರುತ್ತಿರುವ ಈ ಹೊತ್ತಿನಲ್ಲಿ, ಯಾವಾಗ ಆರಂಭಿಸಬೇಕು ಎಂಬ ಪ್ರಶ್ನೆಯನ್ನು ಉತ್ಸಾಹದಿಂದಲ್ಲ, ಲೆಕ್ಕದಿಂದ ಕೇಳಿಕೊಳ್ಳಬೇಕಾಗಿದೆ.

ನಿಯಮ ಏನು ಹೇಳುತ್ತದೆಂದು ಮೊದಲು ನೋಡೋಣ. ಹೊಸ ಭಾಷೆಯ ವಿಕಿ ಯೋಜನೆಗಳನ್ನು ನಿರ್ಧರಿಸುವುದು ವಿಕಿಮೀಡಿಯದ ಭಾಷಾ ಸಮಿತಿ. ಅದರಲ್ಲಿರುವವರೂ ಸ್ವಯಂಸೇವಕರೇ. ಭಾಷೆಗೆ ಅಂತರರಾಷ್ಟ್ರೀಯ ಭಾಷಾ ಸಂಕೇತ ಇರಬೇಕು. ಅದು ಇನ್ನೊಂದು ಭಾಷೆಯ ಪ್ರಾದೇಶಿಕ ರೂಪ ಮಾತ್ರವಾಗಿರಬಾರದು. ಓದಿ ಬರೆಯುವಷ್ಟು ಮಂದಿ ಇರಬೇಕು. ಇಷ್ಟಿದ್ದರೆ ಅರ್ಜಿ ಊರ್ಜಿತ. ಆಮೇಲೆ ಪರೀಕ್ಷಾ ತಾಣದಲ್ಲಿ ಬರವಣಿಗೆ ಸತತವಾಗಿ ನಡೆಯಬೇಕು, ತಂತ್ರಾಂಶದ ಗುಂಡಿ-ಸೂಚನೆಗಳು ಆ ಭಾಷೆಗೆ ಅನುವಾದವಾಗಬೇಕು, ಬರೆದದ್ದು ನಿಜಕ್ಕೂ ಆ ಭಾಷೆಯೇ ಎಂದು ಬಲ್ಲವರೊಬ್ಬರು ಹೇಳಬೇಕು. ‘ಸತತ’ ಎಂಬುದಕ್ಕೆ ರೂಢಿಯ ಅಳತೆಯೊಂದಿದೆ: ತಿಂಗಳಿಗೆ ಹತ್ತಾದರೂ ಸಂಪಾದನೆ ಮಾಡುವ ಕನಿಷ್ಠ ಮೂವರು, ಕೆಲವು ತಿಂಗಳ ಕಾಲ. 2011ರ ಜನಗಣತಿಯ ಪ್ರಕಾರ 18,46,427 ಮಂದಿ ಮಾತೃಭಾಷೆಯೆಂದು ಬರೆಸಿದ ಭಾಷೆಗೆ ಮೂರೇ ಮಂದಿಯ ಷರತ್ತು ಎಂದರೆ ನಗು ಬರಬಹುದು. ಆ ಮೂವರನ್ನು ಒಟ್ಟುಮಾಡಲು ಎಷ್ಟು ಕಾಲ ಹಿಡಿಯಿತೆಂದು ನೆನೆದರೆ ನಗು ನಿಲ್ಲುತ್ತದೆ. ಕೊಂಕಣಿಯದೂ ಇದೇ ಕಥೆ. ವರ್ಷಗಟ್ಟಲೆ ಕಾದು 2015ರಲ್ಲಿ ಅದರ ವಿಕಿಪೀಡಿಯ ತೆರೆಯಿತು.

ಭಾಷಿಕರ ಸಂಖ್ಯೆಗೂ ಬರೆಯುವ ಕೈಗಳ ಸಂಖ್ಯೆಗೂ ಸಂಬಂಧ ಅಷ್ಟಕ್ಕಷ್ಟೇ ಎಂಬುದಕ್ಕೆ ಕನ್ನಡವೇ ಸಾಕ್ಷಿ. 2011ರ ಗಣತಿಯಲ್ಲಿ ಕನ್ನಡದವರು ಸುಮಾರು 4.37 ಕೋಟಿ, ಮಲಯಾಳದವರು ಸುಮಾರು 3.48 ಕೋಟಿ. ಮಲಯಾಳ ವಿಕಿಪೀಡಿಯ ಎಂಬತ್ತು ಸಾವಿರ ಲೇಖನ ದಾಟಿದೆ. 2003ರಲ್ಲೇ ತೆರೆದ ಕನ್ನಡದ್ದು ಅದರ ಅರ್ಧವನ್ನೂ ಮುಟ್ಟಿಲ್ಲ. ಹಾಗೆಂದು ಲೇಖನಗಳ ಸಂಖ್ಯೆಯನ್ನೂ ನಂಬುವಂತಿಲ್ಲ. ಫಿಲಿಪ್ಪೀನ್ಸ್‌ನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಬಹುಪಾಲು ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶ ಬರೆದವು. ಓದುಗನಿಗೆ ಅವುಗಳಿಂದ ಏನು ಸಿಕ್ಕಿತೋ ದೇವರೇ ಬಲ್ಲ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಸಾವಿರಾರು ಲೇಖನಗಳನ್ನು ಆ ಭಾಷೆಯೇ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಳ ಕಾಲ ಬರೆಯುತ್ತಿದ್ದನೆಂಬುದು ಹೊರಬಿದ್ದದ್ದು 2020ರಲ್ಲಿ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ತಡೆದು ಹೇಳುವವರೇ ಅಲ್ಲಿರಲಿಲ್ಲ. ಗ್ರೀನ್‌ಲ್ಯಾಂಡ್‌ನ ಭಾಷೆಯದು ಇನ್ನೂ ದಾರುಣ. 2003ರಲ್ಲಿ ತೆರೆದ ಆ ವಿಕಿಪೀಡಿಯದಲ್ಲಿ ಭಾಷೆ ಬಲ್ಲವರು ಬರೆದದ್ದು ಬೆರಳೆಣಿಕೆಯಷ್ಟು. ಉಳಿದದ್ದು ಹೊರಗಿನವರು ಸೇರಿಸಿದ್ದು, ಯಂತ್ರದ ಅನುವಾದ. ಕೊನೆಗೆ ಅದನ್ನು ನೋಡಿಕೊಳ್ಳುತ್ತಿದ್ದ ನಿರ್ವಾಹಕನೇ ಮುಚ್ಚಿಬಿಡಿ ಎಂದು ಕೇಳಿದ, ಸಮಿತಿ 2025ರಲ್ಲಿ ಒಪ್ಪಿತು. ಈ ಮೂರೂ ಕಡೆ ತಾಣ ತೆರೆದಿತ್ತು, ಪುಟಗಳೂ ಇದ್ದವು. ಇಲ್ಲದೇ ಹೋದದ್ದು ಭಾಷೆ ಬಲ್ಲ ಕಾವಲು. ಹಾಗಾಗಿ ಆರಂಭದ ದಿನವನ್ನು ನಿರ್ಧರಿಸಬೇಕಾದದ್ದು ಭಾಷಿಕರ ಸಂಖ್ಯೆಯೂ ಅಲ್ಲ, ಪುಟಗಳ ಸಂಖ್ಯೆಯೂ ಅಲ್ಲ. ಉದ್ಘಾಟನೆಯಾಗಿ ಎರಡು ವರ್ಷ ಕಳೆದ ಮೇಲೂ ದಿನಕ್ಕೊಮ್ಮೆ ‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆದು ನೋಡುವವರು ಯಾರು ಎಂಬ ಒಂದೇ ಪ್ರಶ್ನೆ.

ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ತೊಡಕನ್ನು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಇಂಥ ಕೆಲಸಕ್ಕೆ ದೊಡ್ಡ ಬಲವೆಂದರೆ ಕಾಲೇಜುಗಳು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ವಿಕಿಪೀಡಿಯ ಬರವಣಿಗೆಯ ತರಬೇತಿ ನಡೆದಿದೆ. ಒಂದೇ ಮಧ್ಯಾಹ್ನದಲ್ಲಿ ಮೂವತ್ತು ನಲವತ್ತು ಮಂದಿ ಕಂಪ್ಯೂಟರ್ ಮುಂದೆ ಕುಳಿತು ಬರೆಯುವುದು ಬೇರೆಲ್ಲಿ ಸಾಧ್ಯ? ಆದರೆ ತಿಂಗಳಿಗೆ ಹತ್ತು ಸಂಪಾದನೆ, ಮೂವರು ಸಂಪಾದಕರು ಎಂಬ ಅಳತೆಗೋಲು ಸುಲಭವಾಗಿ ಮೋಸಹೋಗುವುದೂ ಇಲ್ಲೇ. ಜುಲೈಯಿಂದ ಅಕ್ಟೋಬರ್‌ವರೆಗೆ ತರಗತಿಯ ಅಂಗವಾಗಿ ಬರೆಸಿದರೆ ಕೋಷ್ಟಕ ತುಂಬುತ್ತದೆ, ಸಮಿತಿಗೆ ತೃಪ್ತಿಯಾಗುತ್ತದೆ, ತಾಣ ತೆರೆಯುತ್ತದೆ. ಅಂಕಕ್ಕಾಗಿ ಬರೆದವನು ಅಂಕ ಸಿಕ್ಕ ಮೇಲೆ ನಿಲ್ಲಿಸಿದರೆ ಅವನ ತಪ್ಪೇನೂ ಇಲ್ಲ. ಅವನನ್ನು ಸಮುದಾಯವೆಂದು ಎಣಿಸಿದವರದು ತಪ್ಪು. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ವಿಕಿಮೀಡಿಯ ನಡೆಸಿದ ಶಿಕ್ಷಣ ಕಾರ್ಯಕ್ರಮವನ್ನು ನೆನಪಿಸಿಕೊಳ್ಳಬಹುದು. ವಿದ್ಯಾರ್ಥಿಗಳು ಪುಸ್ತಕಗಳಿಂದ ನಕಲು ಮಾಡಿ ತುಂಬಿದರು. ಅದನ್ನು ಹುಡುಕಿ ಅಳಿಸುವ ಹೊರೆ ಸ್ವಯಂಸೇವಕರ ಮೇಲೆ ಬಿತ್ತು. ಕಾರ್ಯಕ್ರಮವನ್ನೇ ನಡುವೆ ನಿಲ್ಲಿಸಬೇಕಾಯಿತು. ಅದು ಇಂಗ್ಲಿಷ್ ವಿಕಿಪೀಡಿಯವಾದ್ದರಿಂದ ಹಿಡಿದು ತೋರಿಸುವವರು ಬೇಕಾದಷ್ಟಿದ್ದರು. ತುಳುವಿನಲ್ಲಿ ಅದೇ ಆದರೆ ಕಸ ಹಾಗೇ ಉಳಿಯುತ್ತದೆ.

ಆದ್ದರಿಂದ ನನ್ನ ಸೂಚನೆ ಸರಳ. ಹೊಸ ಯೋಜನೆಗೆ ಸಿದ್ಧರಾಗಿದ್ದೇವೆಯೇ ಎಂದು ನೋಡಲು ಪರೀಕ್ಷಾ ತಾಣದ ಬೇಸಗೆಯ ಲೆಕ್ಕ ತೆಗೆಯಿರಿ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಇಲ್ಲಿನ ಬದುಕು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ಪರೀಕ್ಷೆ, ರಜೆ, ಮದುವೆ, ನೇಮ, ಜಾತ್ರೆ, ಬ್ರಹ್ಮಕಲಶ, ರಾತ್ರಿಯಿಡೀ ಯಕ್ಷಗಾನದ ಆಟ, ಸಾಲದ್ದಕ್ಕೆ ಕೆಂಡದಂಥ ಸೆಕೆ. ಆ ಮೂರು ತಿಂಗಳಲ್ಲಿ ಯಾರೂ ಹೇಳದೆ, ಯಾವ ತರಬೇತಿಯ ಪ್ರಮಾಣಪತ್ರವೂ ಇಲ್ಲದೆ ಬಂದು ಬರೆದವರು ಐದಾರು ಮಂದಿ ಇದ್ದರೆ ಬಾಗಿಲು ತೆರೆಯಲಿ. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಲಿ. ಹೊಸ ಯಕ್ಷಗಾನ ಮೇಳವನ್ನು ಜನ ಅಳೆಯುವುದು ಮೊದಲ ಸೇವೆಯಾಟದಿಂದಲ್ಲ, ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಯ ದಿನದವರೆಗೆ ತಿರುಗಾಟ ನಡೆಸಿತೇ ಎಂಬುದರಿಂದ. ಇದಕ್ಕೂ ಅದೇ ಅಳತೆ ಸಾಕು. ಸಮಿತಿಯ ನಿಯಮಪುಸ್ತಕದಲ್ಲಿ ಇದು ಇರಬೇಕಾಗಿಯೂ ಇಲ್ಲ. ಅರ್ಜಿ ಹಾಕುವ ಮುನ್ನ ಸಮುದಾಯ ತನಗೆ ತಾನೇ ಹಾಕಿಕೊಳ್ಳುವ ಕಟ್ಟು ಇದು.

ಯೋಜನೆ ಯಾವುದೆಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ವಿಕಿಪೀಡಿಯ ಕೇಳುವುದು ಮುದ್ರಿತ ಆಧಾರ. ತುಳುವಿನ ಸಂಪತ್ತು ಬಹುಪಾಲು ಬಾಯಲ್ಲಿದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ತಂಡ 1990ರಲ್ಲಿ ದಾಖಲಿಸಿತು, ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡರು ಆ ಕೆಲಸದಲ್ಲಿ ಜೊತೆಗಿದ್ದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾದಾಗ ಅದು 15,683 ಸಾಲುಗಳಷ್ಟಿತ್ತು. ತುಳುವಿನಲ್ಲಿ ಇಷ್ಟು ದೊಡ್ಡ ಪಠ್ಯವಿದೆಯೆಂದಾದ ಮೇಲೆ ತುಳು ವಿಕಿಸೋರ್ಸ್‌ಗೆ ಇದಕ್ಕಿಂತ ಒಳ್ಳೆಯ ಮೊದಲ ಪುಸ್ತಕ ಬೇಕೇ ಎಂದು ಯಾರಿಗಾದರೂ ಅನಿಸುತ್ತದೆ. ಅದು ಅಷ್ಟು ಸುಲಭವಲ್ಲ. ಪುಸ್ತಕಕ್ಕೆ ಹಕ್ಕುಸ್ವಾಮ್ಯ ಇದೆ, ಅನುಮತಿ ಬೇಕು. ಅದಕ್ಕೂ ಮೊದಲು, ಹಾಡಿದವರ ಊರಿನಲ್ಲಿ, ಸಿರಿ ಆರಾಧನೆಯ ಕಟ್ಟುಪಾಡಿನೊಳಗೆ ಬದುಕುವವರಲ್ಲಿ ಕೇಳಬೇಕಾದ ಮಾತುಗಳಿವೆ. ಆ ಆರಾಧನೆ ನಡೆಯುವ ಆಲಡೆಗಳ ಭಕ್ತರಿಗೆ ಪಾಡ್ದನವೆಂದರೆ ಪಠ್ಯ ಮಾತ್ರವಲ್ಲ. ಹಕ್ಕಿನ ತಂಟೆಯಿಲ್ಲದ ಪುಸ್ತಕಗಳೂ ಇವೆ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ತುಳು–ಇಂಗ್ಲಿಷ್ ನಿಘಂಟು, ಅದೇ ವರ್ಷದ ‘ಪಾಡ್ದನೊಳು’ ಸಂಗ್ರಹ ಯಾರು ಬೇಕಾದರೂ ತರಬಹುದಾದವು. ಆದರೆ ವಿಕಿಸೋರ್ಸ್‌ನ ರೀತಿ ಬೇರೆ: ಹಳೆಯ ಪುಟದ ಚಿತ್ರವನ್ನು ಎದುರಿಟ್ಟುಕೊಂಡು ಒಬ್ಬರು ಅಕ್ಷರ ತಿದ್ದಬೇಕು, ಆ ಪುಟ ಸರಿಯಿದೆಯೆಂದು ಎರಡನೆಯವರೊಬ್ಬರು ಮೊಹರು ಒತ್ತಬೇಕು; ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ನೂರಾರು ಪುಟದ ನಿಘಂಟಿಗೆ ಈ ಎರಡನೆಯ ಕಣ್ಣು ಸಿಗುವುದೇ ಕಷ್ಟ. ಕನ್ನಡ ವಿಕಿಸೋರ್ಸ್‌ಗೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ, ನಿರಂಜನರ ಕೃತಿಗಳು ಮುಕ್ತ ಪರವಾನಗಿಯಲ್ಲಿ ದೊರೆತದ್ದು ದೊಡ್ಡ ಭಾಗ್ಯವೇ. ದೊರೆತ ಮೇಲೂ ಪುಟ ಪುಟವಾಗಿ ಕೂತು ತಿದ್ದುವ ಕೆಲಸ ಉಳಿದೇ ಇರುತ್ತದೆ, ಅದಕ್ಕೆ ಉದ್ಘಾಟನೆ ಇರುವುದಿಲ್ಲ. ಕನ್ನಡದ್ದೇ ವಿಕಿಬುಕ್ಸ್, ವಿಕಿಕೋಟ್ ತಾಣಗಳನ್ನು ತೆರೆದು ನೋಡಿ: ಸುಲಭವಾಗಿ ತೆರೆಯುತ್ತಿದ್ದ ಕಾಲದಲ್ಲಿ ತೆರೆದವು ಅವು, ಈಗ ಹೆಚ್ಚುಕಡಿಮೆ ಖಾಲಿ ಮನೆಗಳು.

ಕಾಯಿಸಿದರೆ ಇರುವ ಉತ್ಸಾಹವೂ ಆರಿಹೋಗುತ್ತದೆ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ, ಮತ್ತು ಅದರಲ್ಲಿ ಹುರುಳಿದೆ. ಇನ್‌ಕ್ಯುಬೇಟರ್‌ನಲ್ಲಿ ಬರೆಯುವುದು ಸುಖದ ಕೆಲಸವಲ್ಲ. ಪ್ರತಿ ಲೇಖನದ ಹೆಸರಿನ ಆರಂಭದಲ್ಲಿ ‘ಡಬ್ಲ್ಯುಪಿ/ಟಿಸಿವೈ’ ಎಂಬ ಗುರುತನ್ನು ಇಂಗ್ಲಿಷ್ ಅಕ್ಷರದಲ್ಲಿ ಹಚ್ಚಬೇಕಿತ್ತು. ಗೂಗಲ್‌ನಲ್ಲಿ ಹುಡುಕಿದವನ ಕಣ್ಣಿಗೆ ಆ ಪುಟಗಳು ಬೀಳುವುದು ಅಪರೂಪ. ಓದುಗ ಬಾರದೆ ಬರಹಗಾರ ಹುಟ್ಟುವುದಿಲ್ಲ, ಬರಹಗಾರನಿಲ್ಲದೆ ಬಾಗಿಲು ತೆರೆಯುವುದಿಲ್ಲ. ತುಳುವಿನ ಎಂಟು ವರ್ಷದಲ್ಲಿ ಒಂದು ಪಾಲು ಈ ಸುಳಿಯಲ್ಲೇ ಹೋಯಿತೆಂಬುದನ್ನು ಒಪ್ಪಬೇಕು. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಹೊಸ ಹಲಗೆ ನೇತುಹಾಕದೆಯೇ ಕೆಲಸ ಮಾಡಲು ಈಗ ಬೇಕಾದಷ್ಟು ಜಾಗವಿದೆ. ತುಳು ಶಬ್ದವೊಂದನ್ನು ಅರ್ಥ, ರೂಪಗಳ ಸಮೇತ ವಿಕಿಡೇಟಾ ಎಂಬ ದತ್ತಾಂಶ ಭಂಡಾರದಲ್ಲಿ ದಾಖಲಿಸಲು 2018ರಿಂದ ಅವಕಾಶವಿದೆ, ಯಾವ ಸಮಿತಿಯ ಒಪ್ಪಿಗೆಯೂ ಬೇಡ. ಉಚ್ಚಾರದ ಧ್ವನಿಮುದ್ರಣ, ವಸ್ತುವಿನ ಫೋಟೊ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರ-ಧ್ವನಿ ಭಂಡಾರಕ್ಕೆ ಇಂದೇ ಹೋಗಬಹುದು. ಸ್ವಂತ ತಾಣವಿಲ್ಲದ ಭಾಷೆಗಳ ಹಳೆಯ ಪುಸ್ತಕಗಳನ್ನು ಇಡಲೆಂದೇ ಬಹುಭಾಷಾ ವಿಕಿಸೋರ್ಸ್ ಇದೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ‘ತುಳು ಬದುಕು’ ವಸ್ತುಸಂಗ್ರಹಾಲಯವನ್ನೇ ನೋಡಿ. ಅಡಿಗೆಮನೆ, ಗದ್ದೆ, ತೋಟ, ಕಸುಬುಗಳ ಹಳೆಯ ಸಾಮಾನುಗಳು ಅಲ್ಲಿವೆ. ಒಂದೊಂದಕ್ಕೂ ಹೆಸರಿದೆ, ಆ ಹೆಸರುಗಳಲ್ಲಿ ಎಷ್ಟೋ ಇಂದಿನ ಮಕ್ಕಳ ಬಾಯಲ್ಲಿಲ್ಲ. ಸಂಸ್ಥೆಯವರ ಒಪ್ಪಿಗೆ ಪಡೆದು ಆ ವಸ್ತುಗಳ ಚಿತ್ರ, ಹೆಸರು, ಬಳಕೆ, ಹಿರಿಯರೊಬ್ಬರ ಧ್ವನಿಯಲ್ಲಿ ಉಚ್ಚಾರ ಇಷ್ಟನ್ನು ಸೇರಿಸಿದರೆ ತುಳು ನಿಘಂಟಿನ ಅರ್ಧ ಪಾಯ ಹಾಕಿದಂತೆ. ಆ ಕೆಲಸಕ್ಕೆ ವರ್ಷವಿಡೀ ಬರುವವರು ಯಾರೆಂದು ಕಂಡರೆ ನಿಘಂಟಿನ ಕಾವಲಿಗೆ ಯಾರಿದ್ದಾರೆಂಬುದೂ ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ ಸ್ವಾಭಿಮಾನದ್ದು. ಎಲ್ಲೋ ಕುಳಿತ, ತುಳು ಅರಿಯದ ಸಮಿತಿಯೊಂದು ನಮ್ಮ ಭಾಷೆ ತಯಾರಾಗಿದೆಯೋ ಇಲ್ಲವೋ ಎಂದು ಹೇಳುವುದೇಕೆ? ಕೇಳಲು ಚೆನ್ನಾಗಿದೆ. ಆದರೆ ದೆಹಲಿಯ ಮೊಹರು ಕೇಳದ, ಶಾಸಕರ ಶಿಫಾರಸು ಬೇಡದ, ಎಷ್ಟು ಮಂದಿ ಮನವಿಗೆ ಸಹಿ ಹಾಕಿದರು ಎಂದು ನೋಡದ ಸಮಿತಿ ಅದು. ಬರೆದಿದ್ದೀರಾ ಎಂದಷ್ಟೇ ಕೇಳುತ್ತದೆ. ಎಂಟನೇ ಪರಿಚ್ಛೇದದ ವಿಚಾರದಲ್ಲಿ ತುಳುವಿಗೆ ಆಗಿರುವ ಅನುಭವಕ್ಕೆ ಹೋಲಿಸಿದರೆ ಇಷ್ಟು ನೇರವಾದ ಪ್ರಶ್ನೆ ಕೇಳುವವರು ಸಿಕ್ಕಿದ್ದೇ ಪುಣ್ಯ. ಹಾಗೆ ನೋಡಿದರೆ ಆ ನಿಯಮ ಅತಿ ಕಠಿಣವಾಗಿದೆಯೆಂಬುದಲ್ಲ ನನ್ನ ದೂರು. ಕೆಲವೇ ತಿಂಗಳ ಚಟುವಟಿಕೆಗೆ ಒಲಿದುಬಿಡುತ್ತದೆ ಎಂಬುದು. ನಮ್ಮನ್ನು ನಾವೇ ಅದಕ್ಕಿಂತ ಬಿಗಿಯಾಗಿ ಪರೀಕ್ಷಿಸಿಕೊಂಡರೆ ಸ್ವಾಭಿಮಾನಕ್ಕೆ ಕುಂದೇನೂ ಇಲ್ಲ.

ಮೂರನೆಯದು ಹೊಸ ಕಾಲದ ಆಕ್ಷೇಪ, ಕಿರಿಯರು ಹೆಚ್ಚಾಗಿ ಹೇಳುವುದು ಇದನ್ನೇ: ಯಂತ್ರಗಳು ಭಾಷೆ ಕಲಿಯುತ್ತಿರುವುದು ಅಂತರಜಾಲದ ಪಠ್ಯದಿಂದ, ಈಗ ತುಂಬದಿದ್ದರೆ ತುಳು ಹಿಂದೆ ಬೀಳುತ್ತದೆ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಸೇವೆಗೆ ಒಮ್ಮೆಲೇ 110 ಭಾಷೆಗಳನ್ನು ಸೇರಿಸಿದಾಗ ತುಳುವೂ ಅವುಗಳಲ್ಲಿತ್ತು. ಅಲ್ಲಿಗೆ ಒಂದು ಗುಂಡಿ ಒತ್ತಿ ಇಂಗ್ಲಿಷ್ ಲೇಖನವನ್ನು ತುಳು ಮಾಡಿ ಅಂಟಿಸುವ ದಾರಿ ತೆರೆಯಿತು. ಗ್ರೀನ್‌ಲ್ಯಾಂಡ್‌ನಲ್ಲಿ ಆದದ್ದು ಇದೇ, ಮತ್ತು ಅಲ್ಲಿ ಕಂಡ ಅಪಾಯ ವಿಚಿತ್ರವಾದದ್ದು: ಯಂತ್ರದ ತಪ್ಪು ಅನುವಾದ ವಿಕಿಪೀಡಿಯಕ್ಕೆ ಹೋಗುತ್ತದೆ, ಆ ವಿಕಿಪೀಡಿಯವನ್ನೇ ಓದಿ ಮುಂದಿನ ಯಂತ್ರ ಇನ್ನಷ್ಟು ತಪ್ಪು ಕಲಿಯುತ್ತದೆ. ದೊಡ್ಡ ಭಾಷೆಗಳಿಗೆ ಬೇರೆ ಪಠ್ಯ ರಾಶಿ ಇರುತ್ತದೆ, ತಡೆದುಕೊಳ್ಳುತ್ತವೆ. ತುಳುವಿನ ಮಟ್ಟಿಗೆ ವಿಕಿಪೀಡಿಯವೇ ಅಂತರಜಾಲದ ದೊಡ್ಡ ತುಳು ಪಠ್ಯಗಳಲ್ಲೊಂದು. ಯಂತ್ರವಿಲ್ಲದ ಕಾಲದಲ್ಲೂ ಇಂಥದ್ದು ಕನ್ನಡಕ್ಕೆ ಆಗಿದೆ. 2010ರ ಆಸುಪಾಸಿನಲ್ಲಿ ಗೂಗಲ್ ಹಣ ಕೊಟ್ಟು ಅನುವಾದ ಮಾಡಿಸಿದ ಉದ್ದುದ್ದದ ಲೇಖನಗಳು ಕನ್ನಡ ವಿಕಿಪೀಡಿಯಕ್ಕೆ ಬಂದು ಬಿದ್ದವು; ಸಂಖ್ಯೆ ಏರಿತು, ಓದಿಸಿಕೊಳ್ಳದ ವಾಕ್ಯಗಳನ್ನು ತಿದ್ದುವ ಹೊರೆ ಮಾತ್ರ ಇದ್ದ ನಾಲ್ಕಾರು ಸ್ವಯಂಸೇವಕರದಾಯಿತು. ಕಾಲ ಓಡುತ್ತಿದೆ ಎಂಬ ಅವಸರಕ್ಕೆ ಉತ್ತರ ಹೆಚ್ಚು ಪಠ್ಯವಲ್ಲ, ತುಳುವರು ಬರೆದ ಪಠ್ಯ.

ಇನ್ನುಳಿದದ್ದು ಲಿಪಿಯ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಇದು ವರ್ಷಗಳ ಪರಿಶ್ರಮದ ಫಲ, ಸಂತೋಷದ್ದೇ. ಆದರೆ ಆ ಲಿಪಿಯಲ್ಲಿ ಬೇರೆಯೇ ವಿಕಿಪೀಡಿಯ ಬೇಕೆಂಬ ಒತ್ತಾಯ ಈಗಲೇ ಬೇಡ. ಒಂದೇ ಭಾಷೆಯನ್ನು ಬೇರೆ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಇನ್ನೊಂದು ತಾಣ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಇರಬಾರದು ಕೂಡ. ಕೊಂಕಣಿಯ ವಿಕಿಪೀಡಿಯ ದೇವನಾಗರಿ, ರೋಮನ್, ಕನ್ನಡ ಮೂರು ಲಿಪಿಗಳನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡಿದೆ. ಮೂರಾಗಿ ಒಡೆದಿದ್ದರೆ ಒಂದಕ್ಕೂ ಕಾವಲು ಸಿಗುತ್ತಿರಲಿಲ್ಲ. ಓಲ್ ಚಿಕಿ ಲಿಪಿಯಲ್ಲಿರುವ ಸಂತಾಲಿ ವಿಕಿಪೀಡಿಯದ ಉದಾಹರಣೆ ಕೊಡುವವರು ಮರೆಯಬಾರದ ಮಾತೆಂದರೆ, ಆ ಲಿಪಿಯನ್ನು ಶಾಲೆಯಲ್ಲಿ ಕಲಿತು ಬಂದ ಓದುಗರು ಅವರಿಗಿದ್ದಾರೆ. ನಮ್ಮಲ್ಲಿ ತುಳು ಲಿಪಿ ಸದ್ಯಕ್ಕೆ ಕಂಡುಬರುವುದು ಹೆಚ್ಚಾಗಿ ಊರಿನ ಸ್ವಾಗತ ಫಲಕಗಳಲ್ಲಿ. ವಿಟ್ಲ ಸೀಮೆಯ ಹವ್ಯಕ ಕನ್ನಡಕ್ಕೋ, ಸುಳ್ಯದ ಅರೆಭಾಷೆಗೋ ಪ್ರತ್ಯೇಕ ತಾಣ ಬೇಕೆನ್ನುವ ಆಸೆಗೂ ಇದೇ ಉತ್ತರ: ಮೊದಲು ಶಬ್ದ, ಕಥೆ, ಧ್ವನಿ ಸೇರಿಸುವ ಕೆಲಸ, ಮನೆಯ ಮಾತು ಆಮೇಲೆ.

ಹಾಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಕಾಲೇಜುಗಳಲ್ಲಿ, ತುಳು ಸಂಘಟನೆಗಳಲ್ಲಿ ಇರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಯೋಜನೆಯ ಉದ್ಘಾಟನೆಗೆ ದಿನ ಗೊತ್ತುಮಾಡುವ ಮೊದಲು ಕಳೆದ ಎರಡು ಬೇಸಗೆಗಳಲ್ಲಿ ಬರೆದವರ ಪಟ್ಟಿ ತೆಗೆಯಿರಿ. ಬದಲಾವಣೆಗಳ ಇತಿಹಾಸ ಎಲ್ಲರಿಗೂ ಕಾಣುವಂತೆ ಅಲ್ಲೇ ಇದೆ. ಅದರಲ್ಲಿ ವಿದ್ಯಾರ್ಥಿಗಳನ್ನು ಬಿಟ್ಟು ಉಳಿದವರು ಎಷ್ಟು ಮಂದಿ ಎಂದು ನೋಡಿ. ಕಡಿಮೆಯಿದ್ದರೆ ಇನ್ನೊಂದು ಕಾಲೇಜಿನಲ್ಲಿ ಇನ್ನೊಂದು ತರಬೇತಿ ಮಾಡುವ ಬದಲು ನಿವೃತ್ತ ಮೇಷ್ಟರು, ಗ್ರಾಮ ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕರು, ಪತ್ರಿಕೆಗಳಿಗೆ ತುಳು ಬರೆಯುವ ಗೃಹಿಣಿಯರು, ಪ್ರಸಂಗಕರ್ತರು ಇಂಥವರ ಮನೆಗೆ ಹೋಗಿ ಮೊಬೈಲ್‌ನಲ್ಲಿ ತುಳು ಟೈಪ್ ಮಾಡುವುದನ್ನು ಕಲಿಸಿ. ಅವರಲ್ಲಿ ಐದು ಮಂದಿ ಮುಂದಿನ ಮೇ ತಿಂಗಳಲ್ಲೂ ಬರೆಯುತ್ತಿದ್ದರೆ ಆಗ ಅರ್ಜಿ ಹಾಕಿ.